ಒಡೆದದ್ದು ಒಡೆಯದಂತೆ

ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡಾಗಲೇ ಒಳಗಿನಿಂದ ಗಲಗಲ ಎಂದು ಸದ್ದು ಬಂತು. ಹೂದಾನಿಗೆ ಹಾಗೆ ಸದ್ದು ಮಾಡುವ ಸ್ವಭಾವವಿಲ್ಲ. ತಂದುಕೊಟ್ಟ ಹುಡುಗನಿಗೂ ಅದು ಕೇಳಿಸಿತು. ಆದರೆ ಕೇಳಿಸಿದವನ ಹಾಗೆ ಮುಖ ಮಾಡಲಿಲ್ಲ. ಮೊಬೈಲನ್ನು ಮುಂದೆ ಹಿಡಿದು, "ಬೆರಳಿನಲ್ಲೇ ಒಂದು ಸಹಿ ಹಾಕಿ ಸರ್" ಎಂದ. ಹಾಕಿದೆ. ಪರದೆಯ ಮೇಲೆ ತೋರುಬೆರಳಿನಿಂದ ಗೀಚಿದ ಆ ಸಹಿ ನನ್ನದೆಂದು ನಾನೇ ಒಪ್ಪಲಾರೆ. ಆದರೂ 'ಸರಕು ಸುಸ್ಥಿತಿಯಲ್ಲಿ ತಲುಪಿದೆ' ಎಂಬ ಸಾಲಿನ ಕೆಳಗೆ ಅದು ಕೂತಿತ್ತು ಎನ್ನುವುದು ಆಮೇಲೆ ತಿಳಿಯಿತು. ಪೆಟ್ಟಿಗೆ ನೆಗ್ಗಿದ್ದರೆ, ಒದ್ದೆಯಾಗಿದ್ದರೆ, ಸದ್ದು ಮಾಡಿದರೆ ಅಷ್ಟನ್ನು ಸಹಿಯ ಪಕ್ಕದಲ್ಲೇ ಬರೆಯಬೇಕು, ಇಲ್ಲವೇ ತೆಗೆದುಕೊಳ್ಳದೆ ಹಿಂದಕ್ಕೆ ಕಳಿಸಬೇಕು ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಆ ಹೊತ್ತಿಗೆ ಬಾಗಿಲ ಬಳಿ ಇರುವುದಿಲ್ಲ.

ತೆರೆದು ನೋಡಿದರೆ ಹೂದಾನಿಯ ಬಾಯಿ ಮಾತ್ರ ಒಂದು ಗೀರೂ ಇಲ್ಲದೆ ಬಳೆಯ ಹಾಗೆ ಮಲಗಿತ್ತು. ಅದರ ಕೆಳಗಿನ ಹೊಟ್ಟೆಯೆಲ್ಲ ಚೂರು. ತಳ ಎರಡು ಹೋಳು. ಹೊರಗಿನ ಪೆಟ್ಟಿಗೆಯೋ, ಏನೂ ಅರಿಯದ ಮಗುವಿನಂತೆ ನಾಲ್ಕು ಮೂಲೆಯೂ ನೆಟ್ಟಗಿದ್ದು ನಗುತ್ತಿತ್ತು. ಅದರ ಮೇಲೆ ಕಾಲುಳ್ಳ ಗಾಜಿನ ಲೋಟದ ಚಿತ್ರ ಅಚ್ಚಾಗಿತ್ತು. ಯಾವ ಭಾಷೆಯೂ ಓದಲು ಬಾರದ ಹಮಾಲನಿಗೂ 'ಇದು ಒಡೆಯುವ ವಸ್ತು' ಎಂದು ತಿಳಿಯಲೆಂದು ಐಎಸ್‌ಒ 780 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸೇರಿಸಿರುವ ಚಿತ್ರ ಅದು. ಅದರ ಪಕ್ಕದಲ್ಲೇ ಮೇಲ್ಮುಖವಾದ ಎರಡು ಬಾಣ. ನನ್ನ ಕೈಗೆ ಬಂದಾಗ ಬಾಣಗಳು ನೆಲವನ್ನು ತೋರಿಸುತ್ತಿದ್ದವು, ಲೋಟ ತಲೆಕೆಳಗಾಗಿ ನಿಂತಿತ್ತು.

ಒಳಗೆ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನ ಒಂದೇ ಒಂದು ಸುತ್ತು. ಅದರಲ್ಲೂ ಅರ್ಧದಷ್ಟು ಗುಳ್ಳೆಗಳು ಆಗಲೇ ಉಸಿರು ಬಿಟ್ಟಿದ್ದವು. 1957ರಲ್ಲಿ ಅಮೆರಿಕದಲ್ಲಿ ಇಬ್ಬರು ಇದನ್ನು ಮಾಡಿದ್ದು ಗೋಡೆಗೆ ಅಂಟಿಸುವ ಅಲಂಕಾರವಾಗಲಿ ಎಂದು. ಗೋಡೆಗೆ ಬೇಡವಾಗಿ ಪೆಟ್ಟಿಗೆಯೊಳಗೆ ಬಂತು. ಪೆಟ್ಟಿಗೆಯ ಆ ಸುಕ್ಕುಸುಕ್ಕಾದ ರಟ್ಟಿನ ಮೂಲವೂ ಹಾಗೆಯೇ: 1856ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಾಗ ಅದು ಗಂಡಸರ ಎತ್ತರದ ಟೋಪಿಗೆ ಒಳಪಟ್ಟಿ. ಸೀಸೆ, ಲಾಟೀನಿನ ಗಾಜು ಒಡೆಯದಂತೆ ಸುತ್ತಲು ಅದು ಒದಗಿದ್ದು 1871ರಲ್ಲಿ. ತಲೆಯನ್ನು ಬಿಟ್ಟು ಗಾಜನ್ನು ಕಾಯಲು ಹೊರಟ ವಸ್ತು, ನನ್ನ ವಿಷಯದಲ್ಲಿ ಎರಡನ್ನೂ ಕೈಬಿಟ್ಟಿತು.

ಇಷ್ಟಕ್ಕೂ ಬೇಕಾಗಿದ್ದದ್ದು ಎರಡು ಸೆಂಟಿಮೀಟರ್ ಕುಗ್ಗುವ ಮೆತ್ತೆ. ಒಂದು ಮೀಟರ್ ಎತ್ತರದಿಂದ ಬಿದ್ದ ವಸ್ತು ಒಂದೇ ಮಿಲಿಮೀಟರಿನಲ್ಲಿ ನಿಲ್ಲಬೇಕಾಗಿ ಬಂದರೆ ಅದರ ಮೇಲಾಗುವ ಆಘಾತ ಅದರ ತೂಕದ ಸುಮಾರು 1000 ಪಟ್ಟು. ಅದೇ ಮೆತ್ತೆಯೊಂದು ಎರಡು ಸೆಂಟಿಮೀಟರ್ ಕುಗ್ಗುತ್ತಾ ಹಿಡಿದರೆ ಸುಮಾರು 50 ಪಟ್ಟು. ಈ ಲೆಕ್ಕವನ್ನು ನಾನು ಹಾಕಿದ್ದು ಹೂದಾನಿ ಒಡೆದ ಮೇಲೆ, ಚೂರುಗಳ ಮುಂದೆ ಕೂತು. ಲೆಕ್ಕ ಸರಿಬಂತು. ಹೂದಾನಿ ಬರಲಿಲ್ಲ.

ಇನ್ನು ದೂರು. 'ಹಿಂದಿರುಗಿಸಲು ಕಾರಣ' ಎಂಬ ಪಟ್ಟಿಯಲ್ಲಿ ಬಣ್ಣ ಹಿಡಿಸಲಿಲ್ಲ, ಅಳತೆ ಸರಿಹೋಗಲಿಲ್ಲ, ಮನಸ್ಸು ಬದಲಾಯಿತು ಎಂದೆಲ್ಲ ಇತ್ತು. 'ಮನಸ್ಸು ಬದಲಾಯಿತು' ಎಲ್ಲಕ್ಕಿಂತ ಮೇಲಿತ್ತು. ಅವಸರದ ಬೆರಳು ಅದನ್ನೇ ಒತ್ತುತ್ತದೆ. ಒತ್ತಿದವನೇ ವಾಪಸು ಕಳಿಸುವ ಖರ್ಚನ್ನೂ ಹೊರಬೇಕಾಗಬಹುದು. ನನ್ನ ಮನಸ್ಸು ಬದಲಾಗಿರಲಿಲ್ಲ, ಹೂದಾನಿ ಬದಲಾಗಿತ್ತು. ಹುಡುಕಿ ಸರಿಯಾದ ಗುಂಡಿ ಒತ್ತಿದ ಮೇಲೆ ಯಂತ್ರ ವಿನಯದಿಂದ ಕೇಳಿತು: ಹಾನಿ ಪೂರ್ಣವೋ, ಭಾಗಶಃವೋ? ಬಾಯಿ ಚೆನ್ನಾಗಿಯೇ ಇತ್ತಲ್ಲ! ಒಂದು ಗಳಿಗೆ ಪ್ರಾಮಾಣಿಕತೆ ಕಾಡಿತು. ಹೆಂಡತಿ ಹಿಂದಿನಿಂದ, "ಬಾಯಿ ಒಂದೇ ಉಳಿದರೆ ಸಾಕಾಗಲು ಅದೇನು ನೀವೇ?" ಎಂದಳು. 'ಪೂರ್ಣ' ಎಂದು ಒತ್ತಿದೆ.

ಆಮೇಲೆ ಛಾಯಾಚಿತ್ರ ಕೇಳಿದರು. ಪೆಟ್ಟಿಗೆಯ ಆರೂ ಮುಖ, ವಿಳಾಸದ ಚೀಟಿ, ಒಳಗಿನ ಮೆತ್ತೆ, ಕೊನೆಗೆ ಚೂರು. ಚೂರಿಗಿಂತ ಪೆಟ್ಟಿಗೆಯ ಚಿತ್ರವೇ ಅವರಿಗೆ ಮುಖ್ಯವಂತೆ. ರಟ್ಟನ್ನು ಆಗಲೇ ಎಸೆದವರ ದೂರು ಅಲ್ಲಿಗೇ ಸೊರಗುತ್ತದೆ. ನನ್ನದು ಇತ್ತು. ಆದರೆ ಅದರ ಮೇಲೆ ಪೆಟ್ಟಿನ ಒಂದು ಗುರುತೂ ಇರಲಿಲ್ಲ. ಹೊರಗೆ ಸುಮ್ಮನಿದ್ದು ಒಳಗೆ ಒಡೆದಿರುವುದನ್ನು ಸಾಗಾಟದವರು 'ಮರೆಯ ಹಾನಿ' ಎನ್ನುತ್ತಾರೆ. ಮನುಷ್ಯರಲ್ಲಾದರೆ ನಾವು ಅದನ್ನು ಗಾಂಭೀರ್ಯ ಎಂದು ಮೆಚ್ಚುತ್ತೇವೆ. ಮೊಣಕಾಲಿನಿಂದ ಮೂಲೆಯೊಂದನ್ನು ಸ್ವಲ್ಪ ನೆಗ್ಗಿಸಿದರೆ ಹೇಗೆ ಎಂಬ ಯೋಚನೆ ಬಂದದ್ದು ನಿಜ. ಮೊಣಕಾಲು ಎತ್ತಿದ್ದೂ ನಿಜ. ಆದರೆ ಸುಳ್ಳು ಸಾಕ್ಷಿ ಹೇಳಿ ಅಭ್ಯಾಸವಿಲ್ಲದ ಮೊಣಕಾಲು. ತಪ್ಪಿ ಮೇಜಿಗೆ ಬಡಿಯಿತು. ಆ ನೋವಿಗೆ ಯಾವ ಪಟ್ಟಿಯಲ್ಲೂ ಗುಂಡಿ ಇಲ್ಲ.

ಮಾರಿದವರು ಉತ್ತರ ಬರೆದರು: ನಾವು ಗಟ್ಟಿಯಾಗಿಯೇ ಕಟ್ಟಿದ್ದೆವು, ಕೊರಿಯರಿನವರನ್ನು ಕೇಳಿ. ಕೊರಿಯರಿನವರು ಹೇಳಿದರು: ಕಟ್ಟಿದ್ದೇ ಸರಿಯಿಲ್ಲ, ಕಳಿಸಿದವರನ್ನು ಕೇಳಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಕೂಸು ಬಡವಾಗಿದ್ದಷ್ಟೇ ಅಲ್ಲ, ಮುಂಗಡವನ್ನೂ ಕೊಟ್ಟಿತ್ತು. ಸಾಗಾಟದ ಕಾನೂನಿನಲ್ಲಿ ಹಳೆಯ ವಿನಾಯಿತಿಯೊಂದಿದೆ: ಸರಕಿನ ಹುಟ್ಟುಗುಣದಿಂದಲೇ ಆದ ನಷ್ಟಕ್ಕೆ ಸಾಗಿಸಿದವನು ಹೊಣೆಯಲ್ಲ. ಹಣ್ಣು ಕೊಳೆತರೆ, ಕಬ್ಬಿಣ ತುಕ್ಕು ಹಿಡಿದರೆ ಅದು ಅವುಗಳ ಕರ್ಮ. ಫೋನಿನಲ್ಲಿ ಮಾತನಾಡಿದವರ ಧಾಟಿಯಲ್ಲಿ ಗಾಜು ಗಾಜಾಗಿ ಹುಟ್ಟಿದ್ದೇ ತಪ್ಪು ಎಂಬ ಇಂಗಿತವಿತ್ತು.

ಇಂಥ ಕಡೆ ಹಿಡಿಯಬೇಕಾದ ಎಳೆ ಒಂದೇ. ನಾನು ದುಡ್ಡು ಕೊಟ್ಟದ್ದು ಮಾರಿದವರಿಗೆ. ಕೊರಿಯರಿನವರನ್ನು ಗೊತ್ತುಮಾಡಿದ್ದು ಅವರೇ. ಆದ್ದರಿಂದ ನಾನು ಕೇಳಬೇಕಾದದ್ದು ಅವರನ್ನು. ಕೊರಿಯರಿನವರ ಜೊತೆ ಅವರು ಬೇಕಾದರೆ ಜನ್ಮಪೂರ್ತಿ ಜಗಳವಾಡಿಕೊಳ್ಳಲಿ. ಇದನ್ನೇ ನಾಲ್ಕು ಸಾಲಿನಲ್ಲಿ, ಆದೇಶದ ಸಂಖ್ಯೆ ಮತ್ತು ತಾರೀಕಿನ ಸಮೇತ, ವಿಶೇಷಣಗಳಿಲ್ಲದೆ ಬರೆದೆ. ಮೊದಲ ಕರಡಿನಲ್ಲಿ ವಿಶೇಷಣಗಳು ಬೇಕಾದಷ್ಟಿದ್ದವು. ಉತ್ತರ ಬಾರದಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ ತಕರಾರು ಹೂಡುವೆ ಎಂದು ಕೊನೆಗೆ ಸೇರಿಸಿದೆ. ಎರಡನೆಯ ದಿನ 'ಮರುಪಾವತಿ ಮಂಜೂರಾಗಿದೆ' ಎಂಬ ಸಂದೇಶ ಬಂತು. ಅವರದೇ ವಾಲೆಟ್ಟಿಗಾದರೆ ಈ ಕ್ಷಣ, ಬ್ಯಾಂಕಿಗಾದರೆ ಏಳು ದಿನ. ಈ ಕ್ಷಣದ ಹಣದಿಂದ ಅವರಲ್ಲೇ ಇನ್ನೊಂದು ಹೂದಾನಿ ಕೊಳ್ಳಬೇಕು, ಅದೂ ಇದೇ ದಾರಿಯಲ್ಲಿ ಬರಬೇಕು. ಬ್ಯಾಂಕಿಗೇ ಇರಲಿ ಎಂದೆ. ಹೋಗುವಾಗ ರೆಪ್ಪೆ ಬಡಿಯುವುದರಲ್ಲಿ ಹೋದ ಹಣ, ಬರುವಾಗ ರಜಾದಿನಗಳನ್ನೆಲ್ಲ ಆಚರಿಸಿಕೊಂಡು, ಒಂದೊಂದು ಬ್ಯಾಂಕಿನ ಜಗುಲಿಯಲ್ಲೂ ಕೂತು ಬರುತ್ತದೆ. ಕಾಣೆಯಾದರೆ ಹುಡುಕಲು 23 ಅಂಕಿಗಳ ಉಲ್ಲೇಖ ಸಂಖ್ಯೆಯೂ ಉಂಟು. ನಾನು ಕೇಳಿ ಪಡೆದಿಟ್ಟುಕೊಂಡೆ.

ಇಷ್ಟರಲ್ಲಿ ಇನ್ನೊಂದು ಸೂಚನೆ ಬಂದಿತ್ತು: 'ವಸ್ತುವನ್ನು ಬಂದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು.' ಬಂದ ಸ್ಥಿತಿ ಎಂದರೆ ಒಡೆದ ಸ್ಥಿತಿ. ಇನ್ನಷ್ಟು ಒಡೆದರೆ ಅದು ಬೇರೆ ಸ್ಥಿತಿ. ನಾನು ಚೂರುಗಳನ್ನು ಒಂದೊಂದಾಗಿ ಹಳೆಯ ಪತ್ರಿಕೆಯಲ್ಲಿ ಸುತ್ತಿದೆ. ಬಾಯಿಗೆ ಮೆತ್ತನೆಯ ಬಟ್ಟೆ. ತಳದ ಎರಡು ಹೋಳುಗಳ ನಡುವೆ ಹತ್ತಿ. ಸಂದಿಗಳಿಗೆಲ್ಲ ಮುದ್ದೆ ಮಾಡಿದ ಕಾಗದ, ಸುತ್ತಲೂ ಅಳೆದು ಎರಡು ಸೆಂಟಿಮೀಟರ್. ಒಂದು ಸಂಜೆ ಪೂರ್ತಿ ಹಿಡಿಯಿತು. ಅಂಟುಪಟ್ಟಿ ಎಳೆದು, ಬಾಣ ಮೇಲ್ಮುಖವಾಗಿರುವಂತೆ ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟೆ.

ಮರುದಿನ ಬೆಳಿಗ್ಗೆ ಸಂದೇಶ: 'ವಸ್ತುವನ್ನು ಹಿಂದಿರುಗಿಸುವ ಅಗತ್ಯವಿಲ್ಲ. ದಯವಿಟ್ಟು ತಾವೇ ಇಟ್ಟುಕೊಳ್ಳಬಹುದು.' ಸಾಗಿಸುವ ಖರ್ಚು ಚೂರಿನ ಬೆಲೆಗಿಂತ ಹೆಚ್ಚು ಎಂದು ಅವರ ಲೆಕ್ಕದವರು ಕಂಡುಕೊಂಡಿರಬೇಕು.

ಹೆಂಡತಿ ಪೆಟ್ಟಿಗೆಯನ್ನು ಎತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ನಾನೂ ಇಸಿದುಕೊಂಡು ಅಲ್ಲಾಡಿಸಿದೆ, ಸ್ವಲ್ಪ ಜೋರಾಗಿಯೇ. ಒಳಗಿನಿಂದ ಒಂದಿಷ್ಟೂ ಸದ್ದು ಬರಲಿಲ್ಲ.