ಬ್ರೋಕರ್ ಸಾಹೇಬರ ನಂಬರು

ಬೆಂಗಳೂರಿನಲ್ಲಿ ಈಗ ಯಾರನ್ನೂ ಬ್ರೋಕರ್ ಅನ್ನೋ ಹಾಗಿಲ್ಲ, ಬೇಜಾರು ಮಾಡ್ಕೋತಾರೆ. ಪ್ರಾಪರ್ಟಿ ಕನ್ಸಲ್ಟೆಂಟ್ ಅನ್ನಬೇಕು. ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿಗಿಂತ ದಪ್ಪಕ್ಷರದಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಕೊಟ್ಟ ನೋಂದಣಿ ನಂಬರ್ ಇರುತ್ತೆ. ಪಿಆರ್‌ಎಂ, ಕೆಎ, ರೇರಾ ಅಂತ ಶುರುವಾಗಿ ಕಾರ್ಡಿನ ಅಂಚಿಗೆ ಬಂದು ಮುಗಿಯುತ್ತೆ. ಓದುವಷ್ಟರಲ್ಲಿ ನಾವು ಟೋಕನ್ ಅಡ್ವಾನ್ಸ್ ಕೊಟ್ಟಾಗಿರುತ್ತೆ.

ಈ ನಂಬರ್ ಪಡೆಯೋದು ಹೇಗೆ ಅಂತ ನೋಡಿದೆ. ಪ್ಯಾನ್ ಕಾರ್ಡ್, ಫೋಟೊ, ವಿಳಾಸ, ಐಟಿ ರಿಟರ್ನ್. 2017ರ ಕರ್ನಾಟಕ ನಿಯಮದ ಪ್ರಕಾರ ಒಬ್ಬನೇ ಆದರೆ 25 ಸಾವಿರ ಶುಲ್ಕ, ಕಂಪನಿಯಾದರೆ 2 ಲಕ್ಷ. ಐದು ವರ್ಷ ನೆಮ್ಮದಿ. ಇಸಿಗೂ (ಆಸ್ತಿಯ ಮೇಲಿನ ಋಣಭಾರ ತೋರಿಸೋ ಪತ್ರ) ಇಸಿಜಿಗೂ ವ್ಯತ್ಯಾಸ ಗೊತ್ತೇನಪ್ಪಾ ಅಂತ ಆ ಅರ್ಜಿ ಕೇಳಲ್ಲ. ಸ್ಕೂಟರ್ ಲೈಸೆನ್ಸಿಗೆ ಆರ್‌ಟಿಓ ಮುಂದೆ ಎಂಟು ಹಾಕಿ ತೋರಿಸಬೇಕು. ಜೀವಮಾನದ ಉಳಿತಾಯ ಖರ್ಚು ಮಾಡಿಸೋಕೆ ಚಲನ್ ಸಾಕು. ಮಹಾರಾಷ್ಟ್ರದವರು 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಎರಡನ್ನೂ ಕಡ್ಡಾಯ ಮಾಡಿದರು. ಪಾಪ, ಅಲ್ಲಿ ಬ್ರೋಕರುಗಳು ಓದ್ಕೋತಾರಂತೆ!

ನಮ್ಮವರು ಓದದೇ ಎಲ್ಲ ಬಲ್ಲವರು. ಅವರ ಗಡಿಯಾರವೇ ಬೇರೆ. ಏರ್‌ಪೋರ್ಟಿನಿಂದ 20 ನಿಮಿಷ ಅಂದರೆ ರಾತ್ರಿ ಎರಡು ಗಂಟೆಗೆ, ಸಿಗ್ನಲ್ ಲೆಕ್ಕಕ್ಕಿಲ್ಲದೆ. ಮೆಟ್ರೋ ಯಾವತ್ತೂ 'ಮುಂದಿನ ವರ್ಷ' ಬರುತ್ತೆ. ಓನರ್ ಯಾವಾಗಲೂ ಅಮೆರಿಕದಲ್ಲಿ, ದುಡ್ಡಿನ ಅರ್ಜೆಂಟಲ್ಲಿ. ಪೇಪರ್ ಪಕ್ಕಾ. ಎಷ್ಟು ಪಕ್ಕಾ ಅಂದರೆ ತೋರಿಸೋದೇ ಬೇಡ. "ಇನ್ನೊಂದು ಪಾರ್ಟಿ ಸಂಜೆ ಬರ್ತಿದೆ ಸರ್" ಅಂತಾನೆ. ಆ ಪಾರ್ಟಿಯನ್ನು ಇದುವರೆಗೆ ಕಂಡವರಿಲ್ಲ. ಪ್ರತಿ ಸೈಟಿನ ಮೇಲೂ ಸಂಜೆ ಆರಕ್ಕೆ ಬಂದು ನಿಲ್ಲುವ ಆ ಅದೃಶ್ಯ ಮನುಷ್ಯನಿಗೆ ಒಂದು ಸನ್ಮಾನ ಆಗಬೇಕು. ಶಾಲು, ಹಾರ, ಮೈಸೂರು ಪೇಟ, ಎಲ್ಲ.

ನಿಜವಾದ ಮಜಾ ಕಾನೂನಿನೊಳಗಿದೆ. 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಓದಿ. ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟ್ ಮಾರುವ ಏಜೆಂಟ್ ನೋಂದಣಿ ಮಾಡಿಸಬೇಕು. 10ನೇ ಸೆಕ್ಷನ್: ನೋಂದಣಿ ಮಾಡಿಸಿದ ಏಜೆಂಟ್, ನೋಂದಣಿ ಆಗದ ಪ್ರಾಜೆಕ್ಟನ್ನು ಮಾರಬಾರದು. ಸರಿ. ನೋಂದಣಿ ಇಲ್ಲದವನು ನೋಂದಣಿ ಇಲ್ಲದ್ದನ್ನು ಮಾರಿದರೆ? ಬಿಲ್ಡರ್‌ಗೆ ದಂಡ ಇದೆ. ಬ್ರೋಕರ್ ಮಾತ್ರ ಎರಡು ಸೆಕ್ಷನ್ ನಡುವಿನ ಗಲ್ಲಿಯಲ್ಲಿ ಬೈಕ್ ನಿಲ್ಲಿಸಿ ಟೀ ಕುಡೀತಿದ್ದಾನೆ. ನಿಯಮ ಪಾಲಿಸಿ ನಂಬರ್ ತಗೊಂಡವನಿಗೆ ನಿರ್ಬಂಧ, ತಗೊಳ್ಳದವನಿಗೆ ಊರೆಲ್ಲ ಲೇಔಟು. ದಿನಕ್ಕೆ 10 ಸಾವಿರ ದಂಡ ಅಂತ ಕಾಯ್ದೆ ಗುಡುಗುತ್ತೆ. ಅದೂ 9 ಮತ್ತು 10ನ್ನು ಮೀರಿದವನಿಗೇ.

ಬಾಡಿಗೆ ಮನೆ ಬ್ರೋಕರ್? ಅವರನ್ನು ಕಾಯ್ದೆ ಮುಟ್ಟೋದೇ ಇಲ್ಲ. ಅದಕ್ಕೆ ಬೇಕಾದ್ದು ಮಾರಾಟ. ಬೀಗ ತೆಗೆದು, ಲೈಟ್ ಹಾಕಿ, "ಇದು ಕಿಚನ್" ಅಂತ ಕಿಚನ್ನನ್ನೇ ತೋರಿಸುವ ತಜ್ಞತೆಗೆ ಒಂದು ತಿಂಗಳ ಬಾಡಿಗೆ. ಕೆಲವರು ಅದನ್ನು ಓನರ್ ಹತ್ತಿರವೂ ತಗೋತಾರೆ.

ನಗು ಇಷ್ಟಕ್ಕೆ ಸಾಕು. ರೆವಿನ್ಯೂ ಸೈಟು (ಭೂಪರಿವರ್ತನೆ ಆಗದ ಕೃಷಿ ಜಮೀನಿನಲ್ಲಿ ಮಾಡಿದ ಸೈಟು) ಕೊಂಡು, ಊರಿನ ಹೊಲ ಮಾರಿ, ಹೆಂಡತಿಯ ಒಡವೆ ಅಡ ಇಟ್ಟು ಮೋಸ ಹೋದವರು ನಮ್ಮ ಸುತ್ತಲೇ ಇದ್ದಾರೆ. ಅವರಿಗೆ ಸೈಟ್ ತೋರಿಸಿದವನು ಯಾರೋ 'ರಾಜಣ್ಣ', ಮೊಬೈಲ್ ನಂಬರ್ ಈಗ ಚಾಲ್ತಿಯಲ್ಲಿಲ್ಲ. ಬಿಲ್ಡರ್ ಮೇಲಾದರೆ ದೂರು ಕೊಡಬಹುದು. ಕಮಿಷನ್ ನಗದಾಗಿ ಎಣಿಸಿಕೊಂಡು ಹೋದವನಿಗೆ ರಸೀದಿಯೂ ಇಲ್ಲ, ರಿಜಿಸ್ಟರೂ ಇಲ್ಲ. ಹತ್ತು ವರ್ಷ ಕಳೆದ ಕಾಯ್ದೆಗೆ ಇದು ಗೊತ್ತಿಲ್ಲ ಅಂತ ನನಗೆ ಯಾರೂ ಹೇಳಬೇಡಿ. ಗೊತ್ತಿದೆ. ಸೈಟು ಮಾರುವವರಲ್ಲಿ ಎಷ್ಟು ಜನ ರಾಜಕಾರಣಿಗಳ ಹಿಂದೆ ಓಡಾಡ್ತಾರೆ ಅನ್ನೋದೂ ಎಲ್ಲರಿಗೂ ಗೊತ್ತಿದೆ.