ಏಳು ವರ್ಷಕ್ಕೊಮ್ಮೆ ಇಡೀ ದೇಹ ಹೊಸದಾಗುವುದಿಲ್ಲ

‘ಏಳು ವರ್ಷಕ್ಕೊಮ್ಮೆ ದೇಹದ ಎಲ್ಲ ಜೀವಕೋಶಗಳೂ ಸತ್ತು ಹೊಸವು ಹುಟ್ಟುತ್ತವೆ, ಹಳೆಯ ಕಾಯಿಲೆ ತಾನಾಗಿಯೇ ಹೋಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಯಾರಾದರೂ ಔಷಧಿ ನಿಲ್ಲಿಸಿಬಿಟ್ಟಾರು ಎಂಬುದೇ ನನ್ನ ಆತಂಕ.

ಇಡೀ ದೇಹಕ್ಕೆ ಒಂದೇ ಗಡುವು ಇಲ್ಲ. ಸಣ್ಣ ಕರುಳನ್ನೇ ನೋಡಿ. ಅದರ ಒಳಪದರದ ಪುಟ್ಟ ಕುಳಿಗಳ ತಳದಲ್ಲಿ ಕಾಂಡಕೋಶಗಳು, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು, ವಿಭಜನೆಯಾಗುತ್ತಲೇ ಇರುತ್ತವೆ. ಹಾಗೆ ಹುಟ್ಟಿದವುಗಳಲ್ಲಿ ಕೆಲವು ಕಾಂಡಕೋಶಗಳಾಗಿಯೇ ಉಳಿಯುತ್ತವೆ. ಮಿಕ್ಕವುಗಳಲ್ಲಿ ಹೆಚ್ಚಿನವು ಬೆರಳಿನಂಥ ಚಾಚುಗಳನ್ನು ಏರುತ್ತಾ, ಆಹಾರ ಹೀರುವ ಕೆಲಸ ಮಾಡಿ, ತುದಿ ತಲುಪಿದಾಗ ಕಳಚಿ ಬೀಳುತ್ತವೆ. ಇಷ್ಟಕ್ಕೆ 3ರಿಂದ 5 ದಿನ ಸಾಕು. ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ. ಹೃದಯದ ಸ್ನಾಯುಕೋಶಗಳು 25ರ ಹರೆಯದಲ್ಲೂ ವರ್ಷಕ್ಕೆ ಸುಮಾರು ಶೇ 1ರಷ್ಟು ಮಾತ್ರ ಬದಲಾಗುತ್ತವೆ. ಮಿದುಳಿನ ಹೊರಪದರದ ನರಕೋಶಗಳಂತೂ ಜೀವಮಾನವಿಡೀ ಅವೇ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲ-14 (ಇಂಗಾಲದ ವಿಕಿರಣಶೀಲ ರೂಪ) ಜೀವಕೋಶದ ಡಿಎನ್‌ಎಯಲ್ಲಿ ಎಷ್ಟಿದೆ ಎಂದು ಅಳೆದು, ಅದು ಯಾವ ವರ್ಷದ ಗಾಳಿಯಲ್ಲಿದ್ದ ಪ್ರಮಾಣಕ್ಕೆ ಹೊಂದುತ್ತದೆ ಎಂದು ನೋಡಿ, ಸ್ವೀಡನ್ನಿನ ವಿಜ್ಞಾನಿ ಯೋನಾಸ್ ಫ್ರಿಸೆನ್ ಅವರ ತಂಡ ಹೃದಯ ಮತ್ತು ಮಿದುಳಿನ ಈ ಕೋಶಗಳ ವಯಸ್ಸನ್ನು ಲೆಕ್ಕ ಹಾಕಿತು. ಎಂಥ ಸೊಗಸಾದ ಉಪಾಯ!

ಇನ್ನು ಕಾಯಿಲೆಯ ಮಾತು. ಸಿಕಲ್ ಸೆಲ್ ರಕ್ತಹೀನತೆ ಎಂಬ ಆನುವಂಶಿಕ ಕಾಯಿಲೆ ಇರುವವರ ಕೆಂಪು ಕಣಗಳು 10ರಿಂದ 20 ದಿನಗಳಲ್ಲೇ ನಾಶವಾಗಿ ಹೊಸವು ಬರುತ್ತವೆ. ಆದರೂ ಕಾಯಿಲೆ ಹೋಗುವುದಿಲ್ಲ. ಏಕೆಂದರೆ ಅವುಗಳನ್ನು ಹುಟ್ಟಿಸುವ ಅಸ್ಥಿಮಜ್ಜೆಯ ಕಾಂಡಕೋಶಗಳ ಡಿಎನ್‌ಎಯಲ್ಲೇ ಕಾಯಿಲೆಗೆ ಕಾರಣವಾದ ದೋಷವಿದೆ; ಪ್ರತಿ ವಿಭಜನೆಯಲ್ಲೂ ಅದು ನಕಲಾಗುತ್ತದೆ.