ಅನುದಾನ ನಿಂತರೆ ಭ್ರೂಣ ಉಳಿಯುತ್ತದೆಯೇ?

ಮಾನವ ಭ್ರೂಣದ ಆಕರಕೋಶಗಳ (ಸ್ಟೆಮ್ ಸೆಲ್) ಸಂಶೋಧನೆಗೆ ಅಮೆರಿಕ ಸರ್ಕಾರ ಕೊಡುವ ಅನುದಾನ ನಿಲ್ಲಬೇಕೆಂದು ವಾದಿಸುವ ಲೇಖನವೊಂದಕ್ಕೆ ಇದು ಉತ್ತರ. ‘ಅಮೆರಿಕದ ತೆರಿಗೆದಾರರ ದುಡ್ಡಿನಲ್ಲಿ ಭ್ರೂಣಗಳ ನಾಶವಾಗುತ್ತಿದೆ’ ಎಂಬ ಅದರ ಲೇಖಕರ ಮಾತು ತಪ್ಪು. 1996ರಿಂದ ವರ್ಷವರ್ಷವೂ ಅನುದಾನ ಮಸೂದೆಗೆ ಸೇರುತ್ತಿರುವ ಡಿಕಿ-ವಿಕರ್ ತಿದ್ದುಪಡಿ ಅದನ್ನೇ ನಿಷೇಧಿಸುತ್ತದೆ. ಆಕರಕೋಶಗಳಿಗಾಗಿ ಐದಾರು ದಿನದ ಭ್ರೂಣದ (ಬ್ಲಾಸ್ಟೋಸಿಸ್ಟ್) ಒಳಗಿನ ಕೋಶಗುಚ್ಛವನ್ನು ಬೇರ್ಪಡಿಸುವಾಗ ಭ್ರೂಣ ನಾಶವಾಗುತ್ತದೆ. ಆ ಹಂತಕ್ಕೆ ಖಾಸಗಿಯವರ ಅಥವಾ ರಾಜ್ಯಗಳ ಹಣವೇ ಆಗಬೇಕು. ಫೆಡರಲ್ (ಕೇಂದ್ರ ಸರ್ಕಾರದ) ಅನುದಾನ ಸಿಗುವುದು ಹಾಗೆ ಸಿದ್ಧವಾದ ಕೋಶಗಳ ಮೇಲಿನ ಮುಂದಿನ ಕೆಲಸಕ್ಕೆ. ‘ಕೊಂದ ಪಾಪ ತಿಂದು ಪರಿಹಾರ’ ಎಂಬಂತಿದೆ ಈ ಗೆರೆ, ಒಪ್ಪುತ್ತೇನೆ. ಆದರೆ ಗೆರೆಯೇ ಇಲ್ಲ ಎನ್ನಬೇಡಿ.

ಹಣ ಬಿಗಿಹಿಡಿದರೆ ಏನಾಗುತ್ತದೆಂಬುದನ್ನೂ ನೋಡಿಯಾಗಿದೆ. 2001ರ ಆಗಸ್ಟ್ 9ಕ್ಕೆ ಮೊದಲು ಸಿದ್ಧವಾಗಿದ್ದ ಕೋಶಗಳಿಗೆ ಮಾತ್ರ ಅನುದಾನ ಎಂದು ಆಗಿನ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಕಟ್ಟಳೆ ಮಾಡಿದರು. ಬಳಸಲು ಸಿಕ್ಕಿದ್ದು ಇಪ್ಪತ್ತು ಚಿಲ್ಲರೆ ಕೋಶವಂಶಗಳು (ಒಂದೊಂದೂ ಒಂದು ಭ್ರೂಣದಿಂದ ಬೆಳೆಸಿದ್ದು). ಅವನ್ನು ಇಲಿಯ ಕೋಶಗಳ ಹಾಸಿನ ಮೇಲೆ ಬೆಳೆಸಿದ್ದರಿಂದ, ಮನುಷ್ಯರಲ್ಲಿಲ್ಲದ ಸಕ್ಕರೆಯ ಅಣುವೊಂದು ಅಂಥ ಕೋಶಗಳಿಗೆ ಅಂಟಿಕೊಂಡಿರುವುದು 2005ರಲ್ಲಿ ಗೊತ್ತಾಯಿತು. ರೋಗಿಯ ಪ್ರತಿಕಾಯಗಳು ಅದರ ಮೇಲೆ ಎರಗುವ ಅಪಾಯ ಬೇರೆ. ಖಾಸಗಿ ಹಣದಲ್ಲಿ ಹೊಸ ಕೋಶಗಳ ತಯಾರಿ ಮಾತ್ರ ನಿಲ್ಲಲಿಲ್ಲ. ಫೆಡರಲ್ ಹಣದ ಕೆಲಸ, ಖಾಸಗಿ ಹಣದ ಕೆಲಸ ಎರಡನ್ನೂ ಮಾಡುವ ಪ್ರಯೋಗಾಲಯಗಳು, ಹಣ ಬೆರೆಯದಂತೆ, ಇನ್‌ಕ್ಯುಬೇಟರ್, ಸೂಕ್ಷ್ಮದರ್ಶಕಗಳನ್ನು ಎರಡೆರಡು ಇಟ್ಟುಕೊಳ್ಳಬೇಕಾಯಿತು, ಅಷ್ಟೇ.

ಬುಷ್ ಕಟ್ಟಳೆಯ ಬದಲಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ತಂದ 2009ರ ಅನುದಾನ ನಿಯಮಾವಳಿಯ ಷರತ್ತುಗಳನ್ನು ಲೇಖನ ಮುಟ್ಟಿಯೇ ಇಲ್ಲ: ಸಂತಾನಕ್ಕೆಂದು ಐವಿಎಫ್‌ನಲ್ಲಿ ಸೃಷ್ಟಿಸಿ ಮಿಕ್ಕ ಭ್ರೂಣವಾಗಿರಬೇಕು, ದಾನಿಗಳ ಲಿಖಿತ ಒಪ್ಪಿಗೆ ಬೇಕು, ಅದಕ್ಕೆ ದುಡ್ಡು ಕೊಟ್ಟಿರಬಾರದು. ಇವು ಕಟ್ಟಿಹಾಕುವುದು ಆ ಅನುದಾನ ಪಡೆದವರನ್ನು. ಅನುದಾನವನ್ನೇ ತೆಗೆದರೆ ಈ ಹಿಡಿತವೂ ಕೈತಪ್ಪುತ್ತದೆ.